ವಿನ್ಯಾಸ ಕಲಿಸಲು ಕತ್ತರಿ, ಕಪ್ಪು ಕಾಗದ ಸಾಕು

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಚಿತ್ರಕಲೆಯ ಸ್ಥಿತಿಗತಿಯ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ನಡೆದಾಗಲೆಲ್ಲ ಮಾತು ಪೀರಿಯಡ್ ಸಾಲದು, ಸಾಮಗ್ರಿ ಇಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಎರಡೂ ದಿಟವೇ. ಆದರೆ ಸಿಕ್ಕ ಪೀರಿಯಡಿನಲ್ಲಿ ಏನನ್ನು, ಹೇಗೆ ಕಲಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಎತ್ತುವವರು ಕಡಿಮೆ. ಹೈಸ್ಕೂಲು ಮಕ್ಕಳಿಗೆ ವಿನ್ಯಾಸದ ತತ್ವಗಳನ್ನು ಕಲಿಸುವ ಕ್ರಮದ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಈಗಿನ ರೂಢಿ ಹೀಗಿದೆ. ಸಮತೋಲನ, ಲಯ, ಪ್ರಾಧಾನ್ಯ, ಕಾಂಟ್ರಾಸ್ಟ್, ಪ್ರಮಾಣ, ಏಕತೆ ಎಂದು ಬೋರ್ಡಿನ ಮೇಲೆ ಸಾಲಾಗಿ ಬರೆಯುವುದು, ಒಂದೊಂದಕ್ಕೂ ಎರಡು ಸಾಲಿನ ವ್ಯಾಖ್ಯೆ ಬರೆಸುವುದು, ಆಮೇಲೆ ಹಾಳೆಯನ್ನು ಆರು ಮನೆ ಮಾಡಿಸಿ ಮನೆಗೊಂದು ತತ್ವದ ಚಿತ್ರ ಬಿಡಿಸುವುದು. ಸಮತೋಲನಕ್ಕೆ ಚಿಟ್ಟೆ, ಲಯಕ್ಕೆ ಅಲೆ, ಕಾಂಟ್ರಾಸ್ಟಿಗೆ ಚದುರಂಗದ ಹಾಸು. ಅಂಕವೂ ಬರುತ್ತದೆ. ಮರುವಾರ ಅದೇ ಮಕ್ಕಳಿಂದ ಒಂದು ಪೋಸ್ಟರ್ ಮಾಡಿಸಿ ನೋಡಿ: ಶೀರ್ಷಿಕೆ ಮೇಲೆ ನಟ್ಟನಡುವೆ, ಚಿತ್ರ ಅದರ ಕೆಳಗೆ ನಟ್ಟನಡುವೆ, ಖಾಲಿ ಉಳಿಯಿತಲ್ಲ ಎಂದು ನಾಲ್ಕು ಮೂಲೆಗೆ ನಾಲ್ಕು ಹೂವು. ಆರು ಮನೆಯ ಹಾಳೆಯಿಂದ ಪೋಸ್ಟರಿಗೆ ಏನೂ ದಾಟಿ ಬಂದಿರುವುದಿಲ್ಲ.

ದಾಟದಿರಲು ಕಾರಣವಿದೆ. ಯಾವುದನ್ನು ಎಲ್ಲಿಡಬೇಕು, ಎಷ್ಟು ದೊಡ್ಡದಿರಬೇಕು, ಎಷ್ಟು ಗಾಢವಿರಬೇಕು, ಪಕ್ಕದ್ದಕ್ಕೂ ಅದಕ್ಕೂ ಎಷ್ಟು ಅಂತರ ಬೇಕು ಎಂಬ ತೀರ್ಮಾನಗಳಲ್ಲೇ ಈ ತತ್ವಗಳೆಲ್ಲ ಇರುವುದು. ತೀರ್ಮಾನ ಮಾಡುವುದನ್ನು ಕಲಿಯಬೇಕಾದರೆ ತುಂಡುಗಳನ್ನು ಹತ್ತಾರು ಸಲ ಅತ್ತಿತ್ತ ಸರಿಸಿ ನೋಡುವಂತಿರಬೇಕು. ಒಮ್ಮೆ ಬಿಡಿಸಿದ ಪೆನ್ಸಿಲ್ ಚಿತ್ರವನ್ನು ಅಳಿಸಿ ಎರಡು ಸೆಂಟಿಮೀಟರ್ ಬಲಕ್ಕೆ ಮತ್ತೆ ಬಿಡಿಸುವ ಮನಸ್ಸು ಯಾವ ಮಗುವಿಗೂ ಬರುವುದಿಲ್ಲ. ಕಾಗದದ ತುಂಡಾದರೆ ಬೆರಳಿನಿಂದ ತಳ್ಳಿದರೆ ಮುಗಿಯಿತು. ಹಾಗಾಗಿ ಮೊದಲ ನಾಲ್ಕೈದು ವಾರ ಚಿತ್ರ ಬಿಡಿಸುವುದೇ ಬೇಡ, ಬಣ್ಣವೂ ಬೇಡ. ಬಿಳಿ ಡ್ರಾಯಿಂಗ್ ಶೀಟ್, ಕಪ್ಪು ಕಾಗದ, ಕತ್ತರಿ, ಸ್ಕೇಲು, ಅಂಟಿನ ಕಡ್ಡಿ ಇದ್ದರಾಯಿತು. ಚೆನ್ನಾಗಿ ಬಿಡಿಸಲು ಬರುವ ನಾಲ್ವರು, ಬಾರದ ಮೂವತ್ತೆಂಟು ಮಂದಿ ಎಂಬ ಭೇದವೂ ಇದರಿಂದ ತಾನಾಗಿ ಅಳಿಯುತ್ತದೆ.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಕಲಾ ಶಿಕ್ಷಕ ಆರ್ಥರ್ ವೆಸ್ಲಿ ಡೋ 1899ರಲ್ಲೇ ಮೊದಲು ರೇಖೆ, ಆಮೇಲೆ ಕಪ್ಪು ಬಿಳಿಯ ಹಂಚಿಕೆ, ಕೊನೆಗೆ ಬಣ್ಣ ಎಂಬ ಕ್ರಮವನ್ನು ಮುಂದಿಟ್ಟಿದ್ದರು. ಕಪ್ಪು ಬಿಳಿಯ ಹಂಚಿಕೆಗೆ ಅವರು ಬಳಸಿದ್ದು ಜಪಾನಿನ ‘ನೋಟಾನ್’ ಎಂಬ ಹೆಸರು. 1919ರಲ್ಲಿ ಜರ್ಮನಿಯ ವೈಮಾರಿನಲ್ಲಿ ಬೌಹೌಸ್ ಎಂಬ ಕಲೆ–ವಿನ್ಯಾಸದ ಶಾಲೆ ಶುರುವಾದಾಗ ಚಿತ್ರಕಾರ ಯೋಹಾನೆಸ್ ಇಟ್ಟೆನ್ ಅಲ್ಲಿನ ಆರಂಭಿಕ ತರಗತಿಯನ್ನು ದೊಡ್ಡದು–ಚಿಕ್ಕದು, ಒರಟು–ನಯ, ಬೆಳಕು–ಕತ್ತಲೆ ಇಂಥ ವಿರುದ್ಧ ಜೋಡಿಗಳ ಅಭ್ಯಾಸದ ಮೇಲೆ ಕಟ್ಟಿದರು. ಅಂದಹಾಗೆ, ವಿನ್ಯಾಸದ ತತ್ವಗಳು ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಪಠ್ಯದಲ್ಲಿ ಐದು, ಇನ್ನೊಂದರಲ್ಲಿ ಏಳು, ಮತ್ತೊಂದರಲ್ಲಿ ಹತ್ತು ದಾಟುತ್ತವೆ. ಆದ್ದರಿಂದ ‘ತತ್ವಗಳು ಎಷ್ಟು, ಯಾವುವು?’ ಎಂದು ಪರೀಕ್ಷೆಯಲ್ಲಿ ಕೇಳುವುದು ಯಾವ ಪುಸ್ತಕ ಓದಿದ್ದೀಯ ಎಂದು ಕೇಳಿದಂತೆಯೇ ಸರಿ.

ಮೊದಲ ಅಭ್ಯಾಸ ನಾಲ್ಕು ಚೌಕಗಳದ್ದು. ಪ್ರತಿ ಮಗುವಿಗೆ 4, 3, 2, 1 ಸೆಂ.ಮೀ. ಬದಿಯ ನಾಲ್ಕು ಕಪ್ಪು ಚೌಕ, ಅಂಟಿಸಲು 9.5 ಸೆಂ.ಮೀ. ಬದಿಯ ಬಿಳಿ ಚೌಕ. ಹತ್ತು ಸೆಂ.ಮೀ. ಬಿಟ್ಟು ಒಂಬತ್ತೂವರೆ ಏಕೆಂದರೆ, ಎ3 ಹಾಳೆಯ ಅಗಲ 29.7 ಸೆಂ.ಮೀ.; ಹತ್ತರ ಚೌಕ ಕತ್ತರಿಸಿದರೆ ಹಾಳೆಗೆ ಎಂಟು ಬರುತ್ತವೆ, ಒಂಬತ್ತೂವರೆಗೆ ಹನ್ನೆರಡು. ನಾಲ್ಕು ಕಪ್ಪು ಚೌಕಗಳ ಒಂದು ಕಂತು 10×4 ಸೆಂ.ಮೀ. ಪಟ್ಟಿಯಲ್ಲಿ ಸಿಗುತ್ತದೆ, ಎ4 ಕಪ್ಪು ಹಾಳೆಯಲ್ಲಿ ಅಂಥ 14 ಪಟ್ಟಿ ಬರುತ್ತವೆ. 42 ಮಕ್ಕಳ ತರಗತಿ, ತಲಾ ಎರಡು ರಚನೆ ಎಂದು ಹಿಡಿದರೆ ಕಪ್ಪು ಎ4 ಹಾಳೆ ಆರು, ಬಿಳಿ ಎ3 ಹಾಳೆ ಏಳು. ಸಾಮಗ್ರಿ ಇಲ್ಲ ಎಂಬ ದೂರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಬೋರ್ಡಿನ ಮೇಲೆ ಆರು ಪದ ಬರೆಯಿರಿ: ಶಿಸ್ತು, ದಟ್ಟಣೆ, ಒಂಟಿತನ, ಬೆಳವಣಿಗೆ, ಆತಂಕ, ಆಟ. ಮಗು ಎರಡು ಪದ ಆರಿಸಿಕೊಂಡು ನಾಲ್ಕೂ ಚೌಕಗಳನ್ನು ಬಳಸಿ ಆ ಭಾವ ಬರುವಂತೆ ಜೋಡಿಸಬೇಕು. ಚೌಕಗಳು ಓರೆಯಾಗಬಹುದು, ಒಂದರ ಮೇಲೊಂದು ಕೂರಬಹುದು, ಹಾಳೆಯ ಅಂಚು ದಾಟಿದರೆ ಹೊರಗುಳಿದದ್ದನ್ನು ಕತ್ತರಿಸಬಹುದು. ಪದಕ್ಕೆ ಮೂರು ಜೋಡಣೆಯನ್ನಾದರೂ ಮಾಡಿ, ಮೂರನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ ಮೇಲಷ್ಟೇ ಅಂಟಿಸಬೇಕು. 40 ನಿಮಿಷದ ಪೀರಿಯಡಿನಲ್ಲಿ ವಿವರಣೆಗೆ ಐದು, ಜೋಡಣೆಗೆ ಇಪ್ಪತ್ತು, ಗೋಡೆಗೆ ಹಚ್ಚಿ ನೋಡುವುದಕ್ಕೆ ಹದಿನೈದು ನಿಮಿಷ. ಕೊನೆಯ ಹದಿನೈದು ನಿಮಿಷ ಸಿಗದು ಎಂದಾದರೆ ಅಭ್ಯಾಸವನ್ನೇ ಮುಂದಿನ ವಾರಕ್ಕೆ ಹಾಕುವುದು ಮೇಲು. ಪಾಠ ನಡೆಯುವುದು ಅಲ್ಲೇ.

ತಪ್ಪುಗಳು ಪ್ರತಿ ಸಲ ಅವೇ. ಕೆಲವರು ಚೌಕಗಳಿಂದ ಮನೆ, ಮುಖ, ರೋಬೋ ಕಟ್ಟುತ್ತಾರೆ. ವಸ್ತುವಿನ ಚಿತ್ರವಾದ ಕೂಡಲೇ ಜಾಗದ ಯೋಚನೆ ನಿಂತುಹೋಗುತ್ತದೆ, ಹಾಗಾಗಿ ಅದನ್ನು ಮೊದಲೇ ನಿಷೇಧಿಸಬೇಕು. ಹೆಚ್ಚಿನವರು ನಾಲ್ಕನ್ನೂ ಹಾಳೆಯ ನಡುವೆ ಗುಂಪು ಹಾಕಿ ಸುತ್ತ ಸಮನಾದ ಅಂಚು ಬಿಡುತ್ತಾರೆ. ಬಿಳಿ ಜಾಗವೂ ಒಂದು ಆಕಾರ ಎಂಬುದು ಅವರ ಕಣ್ಣಿಗೆ ಇನ್ನೂ ಬಿದ್ದಿಲ್ಲ, ಅದು ಬರಿಯ ಹಿನ್ನೆಲೆ ಅವರಿಗೆ. ಇದಕ್ಕೆ ಉಪದೇಶ ನಾಟುವುದಿಲ್ಲ. ‘ಒಂದು ಚೌಕವಾದರೂ ಹಾಳೆಯ ಅಂಚು ದಾಟಿ ಹೋಗಲೇಬೇಕು’ ಎಂಬ ಒಂದು ನಿಯಮ ಸೇರಿಸಿ, ಇಡೀ ತರಗತಿಯ ಕೆಲಸ ಬದಲಾಗುತ್ತದೆ. ಇನ್ನೊಂದು ಕಣ್ಣಿಗೆ ಕಾಣದೆ ಕಾಡುವ ದೋಷ: ಎರಡು ಚೌಕಗಳ ಮೂಲೆಗಳು ಅಥವಾ ಅಂಚುಗಳು ಸುಮ್ಮನೆ ತಾಗಿಕೊಂಡು ನಿಲ್ಲುವುದು. ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ, ಒಂದು ಮುಂದಿದೆಯೋ ಹಿಂದಿದೆಯೋ ತಿಳಿಯುವುದಿಲ್ಲ. ಒಂದರ ಮೇಲೊಂದು ಚೆನ್ನಾಗಿ ಕೂರಲಿ, ಇಲ್ಲವೇ ನಡುವೆ ಸ್ಪಷ್ಟ ಅಂತರವಿರಲಿ. ಆತಂಕ ಎಂಬ ಪದಕ್ಕೆ ಮಾತ್ರ ಈ ದೋಷವನ್ನೇ ಬೇಕೆಂದು ಬಳಸಬಹುದು, ಜಾಣ ಮಕ್ಕಳು ಬಳಸುತ್ತಾರೆ ಕೂಡ. ಇನ್ನು ಅಂಟು. ನೀರು ಅಂಟು ಬಳಿದರೆ ತೆಳು ಕಾಗದ ಸುಕ್ಕುಗಟ್ಟುತ್ತದೆ. ಅಂಟಿನ ಕಡ್ಡಿಯನ್ನು ತುಂಡಿನ ಹಿಂಬದಿಗೆ ನಡುವಿನಿಂದ ಅಂಚಿನ ಕಡೆಗೆ ಎಳೆದು, ಪುಸ್ತಕದ ಕೆಳಗೆ ಸ್ವಲ್ಪ ಹೊತ್ತು ಒತ್ತಿಟ್ಟರೆ ಸಾಕು.

ತತ್ವದ ಹೆಸರು ಹೇಳುವುದು ಇದೆಲ್ಲ ಆದ ಮೇಲೆ. ಗೋಡೆಯ ಮುಂದೆ ನಿಂತ ಮಕ್ಕಳೇ ‘ಇದು ಬಲಕ್ಕೆ ವಾಲಿದೆ’, ‘ಇದರಲ್ಲಿ ಚಿಕ್ಕದೇ ಮೊದಲು ಕಾಣುತ್ತೆ’ ಎನ್ನತೊಡಗುತ್ತಾರೆ. ಅವರು ಕಂಡುಕೊಂಡದ್ದಕ್ಕೆ ಶಿಕ್ಷಕರು ಹೆಸರಿಟ್ಟರೆ ಸಾಕು, ವ್ಯಾಖ್ಯೆ ಬರೆಸುವ ಪ್ರಮೇಯವೇ ಬರುವುದಿಲ್ಲ.

ಸಮತೋಲನವನ್ನು ಮಕ್ಕಳು ಎರಡೂ ಬದಿ ಒಂದೇ ಥರ ಇರುವುದು ಎಂದೇ ತಿಳಿದಿರುತ್ತಾರೆ, ಚಿಟ್ಟೆಯ ಪ್ರಭಾವ. ಆ ತಿಳಿವಳಿಕೆಯನ್ನು ಹೋಗಲಾಡಿಸಲು ಎ4 ಹಾಳೆಯನ್ನು ಅಡ್ಡಲಾಗಿಟ್ಟು, 8 ಸೆಂ.ಮೀ. ವ್ಯಾಸದ ಬೂದು ವೃತ್ತವೊಂದನ್ನು ಅದರ ಕೇಂದ್ರ ಹಾಳೆಯ ನಡುಗೆರೆಯಿಂದ 4 ಸೆಂ.ಮೀ. ಎಡಕ್ಕೆ ಬರುವಂತೆ ಅಂಟಿಸಿ ಕೊಡಿ. ಬೂದು ಕಾಗದ ಇಲ್ಲದಿದ್ದರೆ ಸಣ್ಣ ಅಕ್ಷರಗಳಿಂದ ತುಂಬಿದ ಪತ್ರಿಕೆಯ ತುಂಡು ನಡೆಯುತ್ತದೆ, ದೂರಕ್ಕೆ ಅದು ಬೂದಾಗಿಯೇ ಕಾಣುವುದು (ಸಂಪಾದಕರು ಮನ್ನಿಸಬೇಕು). ಈಗ 3 ಸೆಂ.ಮೀ. ವ್ಯಾಸದ ಒಂದು ಕಪ್ಪು ವೃತ್ತವನ್ನು ಹಾಳೆ ವಾಲದಂತೆ ಎಲ್ಲಾದರೂ ಇಡಲು ಹೇಳಿ. ತಕ್ಕಡಿಯ ಲೆಕ್ಕ ಹಾಕಿದರೆ ದೊಡ್ಡ ವೃತ್ತದ ವಿಸ್ತೀರ್ಣ ಚಿಕ್ಕದರ ಏಳು ಪಟ್ಟು. ಸರಿತೂಗಲು ಚಿಕ್ಕದು ನಡುಗೆರೆಯಿಂದ 28 ಸೆಂ.ಮೀ. ದೂರ ಹೋಗಬೇಕು, ಅಂದರೆ ಹಾಳೆಯಿಂದಲೇ ಆಚೆ. ಆದರೂ ಹಾಳೆಯ ಬಲ ಅಂಚಿನ ಹತ್ತಿರ ಅದು ನಿಲ್ಲುವ ಜಾಗವೊಂದು ಮಕ್ಕಳಿಗೆ ಸಿಕ್ಕೇ ಸಿಗುತ್ತದೆ. ಕಣ್ಣು ತೂಗುವುದು ಬರಿಯ ಅಳತೆಯನ್ನಲ್ಲ. ಕಪ್ಪು ಬೂದಿಗಿಂತ ಭಾರ, ಒಂಟಿಯಾಗಿ ನಿಂತದ್ದು ಗುಂಪಿನಲ್ಲಿರುವುದಕ್ಕಿಂತ ಭಾರ, ಅಂಚಿಗೆ ಹತ್ತಿರವಿರುವುದು ನಡುವಿನದಕ್ಕಿಂತ ಭಾರ. ಖಾತ್ರಿಯಾಗಬೇಕಾದರೆ ಕಪ್ಪು ವೃತ್ತ ತೆಗೆದು ಅದೇ ಅಳತೆಯ ತಿಳಿಬೂದು ವೃತ್ತ ಕೊಡಿ. ಎಲ್ಲಿಟ್ಟರೂ ಹಾಳೆ ಎಡಕ್ಕೇ ಎಳೆಯುತ್ತದೆ.

ಸರಿಯಾಯಿತೇ ಎಂದು ನೋಡಲು ಮೂರು ಪರೀಕ್ಷೆ: ಹಾಳೆಯನ್ನು ತಲೆಕೆಳಗು ಮಾಡಿ ನೋಡುವುದು, ಮೂರು ಮೀಟರ್ ಹಿಂದೆ ಸರಿದು ನೋಡುವುದು, ಕಣ್ಣು ಅರೆಮುಚ್ಚಿ ನೋಡುವುದು. ಅರೆಮುಚ್ಚಿದಾಗ ವಿವರಗಳು ಕರಗಿ ಗಾಢ–ತಿಳಿಯ ಹಂಚಿಕೆಯಷ್ಟೇ ಉಳಿಯುತ್ತದೆ. ಮಕ್ಕಳು ಮೊದಮೊದಲು ಕಣ್ಣನ್ನು ಪೂರ್ತಿ ಮುಚ್ಚಿಕೊಂಡು ನಗುತ್ತಾರೆ, ನಗಲಿ.

ಪ್ರಾಧಾನ್ಯಕ್ಕೆ 1 ಸೆಂ.ಮೀ. ಬದಿಯ 25 ಚೌಕಗಳನ್ನು ಅರ್ಧ ಸೆಂ.ಮೀ. ಅಂತರದಲ್ಲಿ ಐದರಂತೆ ಐದು ಸಾಲು ಜೋಡಿಸಬೇಕು. ಒಟ್ಟು 7 ಸೆಂ.ಮೀ., ಅದೇ ಒಂಬತ್ತೂವರೆ ಹಾಳೆಯಲ್ಲಿ ಆರಾಮವಾಗಿ ಕೂರುತ್ತದೆ. ಅದರಲ್ಲಿ ಒಂದನ್ನು ಮಾತ್ರ ಬೇರೆ ಮಾಡಬೇಕು, ಅದೂ ಒಂದೇ ರೀತಿಯಲ್ಲಿ. ಐವರ ಗುಂಪಿನಲ್ಲಿ ಒಬ್ಬರು ಅಳತೆ ಬದಲಿಸಲಿ, ಒಬ್ಬರು ಚೌಕದ ಜಾಗಕ್ಕೆ ವೃತ್ತ ಇಡಲಿ, ಒಬ್ಬರು ಬೂದು ಮಾಡಲಿ, ಒಬ್ಬರು ಓರೆಯಾಗಿಸಲಿ, ಒಬ್ಬರು ಸಾಲಿನಿಂದ ಆಚೆ ತಳ್ಳಲಿ. ಬಳಿಕ ಪಕ್ಕದ ಗುಂಪಿಗೆ ಎರಡು ಸೆಕೆಂಡು ತೋರಿಸಿ ಮಗುಚಿಟ್ಟು, ಬೇರೆಯದು ಎಲ್ಲಿತ್ತು ಎಂದು ಕೇಳಬೇಕು. ಯಾವ ವ್ಯತ್ಯಾಸ ಥಟ್ಟನೆ ಕಾಣುತ್ತದೆ, ಯಾವುದಕ್ಕೆ ಹುಡುಕಬೇಕು ಎಂಬುದು ಅಲ್ಲೇ ಬಯಲಾಗುತ್ತದೆ. ಒಂದು ಸೆಂ.ಮೀ. ಚೌಕಗಳ ನಡುವೆ 1.2 ಸೆಂ.ಮೀ. ಚೌಕವಿಟ್ಟವರಿಗೆ ಯಾವಾಗಲೂ ಬರುವ ಉತ್ತರ ‘ಸರಿಯಾಗಿ ಕತ್ತರಿಸಿಲ್ಲ’. ಅರೆಮನಸ್ಸಿನ ವ್ಯತ್ಯಾಸ ಕೈತಪ್ಪಿನಂತೆ ಕಾಣುತ್ತದೆ. ಒಂದೂವರೆ ಪಟ್ಟಾದರೂ ಆದರೆ ಬೇಕೆಂದೇ ಮಾಡಿದ್ದು ಎನಿಸುತ್ತದೆ. ಪೋಸ್ಟರಿನ ಶೀರ್ಷಿಕೆಗೂ ಉಳಿದ ಅಕ್ಷರಕ್ಕೂ ಇದೇ ಅನ್ವಯಿಸುತ್ತದೆ. ನಾಲ್ಕು ವಿಷಯಗಳನ್ನೂ ದಪ್ಪಕ್ಷರದಲ್ಲಿ ಬರೆದ ಪೋಸ್ಟರಿನಲ್ಲಿ ಯಾವುದೂ ದಪ್ಪವಾಗಿ ಕಾಣದಿರುವುದೇಕೆ ಎಂದು ಆಮೇಲೆ ವಿವರಿಸಬೇಕಾಗುವುದಿಲ್ಲ.

ಇದರ ಜೊತೆಗೇ ಕಲಿಸುವ ‘ಚಲನೆ’ಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪ್ರಸಿದ್ಧ ಚಿತ್ರಗಳ ಮೇಲೆ ಬಾಣ ಎಳೆದು, ನೋಡುಗರ ಕಣ್ಣು ಇಲ್ಲಿಂದ ಹೊರಟು ಹೀಗೆ ಸುತ್ತಿ ಇಲ್ಲಿಗೆ ಬರುತ್ತದೆ ಎಂದು ಪಠ್ಯಗಳು ತೋರಿಸುತ್ತವೆ. ಕಣ್ಣು ಅಷ್ಟು ವಿಧೇಯವಲ್ಲ. ಕಣ್ಣಿನ ಚಲನೆಯನ್ನು ಅಭ್ಯಸಿಸಿದ ರಷ್ಯಾದ ವಿಜ್ಞಾನಿ ಅಲ್ಫ್ರೆಡ್ ಯಾರ್ಬುಸ್ 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಬ್ಬನೇ ವ್ಯಕ್ತಿಗೆ ಚಿತ್ರಕಾರ ಇಲ್ಯಾ ರೆಪಿನ್ ಅವರ ಒಂದೇ ಚಿತ್ರ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದಾಗ ಕಣ್ಣು ನಡೆದ ದಾರಿಯೂ ಬೇರೆ ಬೇರೆಯಾಗಿತ್ತು. ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಚಿತ್ರಕಾರ ಒಂದಷ್ಟು ಹಿಡಿತಕ್ಕೆ ತಂದುಕೊಳ್ಳಬಹುದು, ಪೂರ್ತಿ ಪ್ರಯಾಣವನ್ನಲ್ಲ. ಬಾಣದ ದಾರಿ ಬರೆಯಲಿಲ್ಲ ಎಂದು ಅಂಕ ಕಳೆಯುವುದು ಸರಿಯಲ್ಲ.

ಲಯಕ್ಕೆ ಅಲೆ ಬರೆಸುವ ಬದಲು 1 ಸೆಂ.ಮೀ. ಅಗಲದ ಎಂಟು ಕಪ್ಪು ಪಟ್ಟಿ, 22 ಸೆಂ.ಮೀ. ಉದ್ದದ ಬಿಳಿ ಪಟ್ಟಿ ಕೊಡಿ. ಮೊದಲು ಏಳೂ ಅಂತರಗಳು ತಲಾ 2 ಸೆಂ.ಮೀ. ಇರಲಿ. ಎರಡನೆಯದರಲ್ಲಿ ಅಂತರ ಅರ್ಧ ಸೆಂ.ಮೀ.ನಿಂದ ಶುರುವಾಗಿ ಅರ್ಧರ್ಧ ಏರುತ್ತ ಮೂರೂವರೆಗೆ ಮುಟ್ಟಲಿ. ಎರಡರಲ್ಲೂ ಅಂತರಗಳ ಮೊತ್ತ 14 ಸೆಂ.ಮೀ.ಯೇ, ಪಟ್ಟಿಗಳೂ ಅವೇ. ಆದರೆ ಮೊದಲನೆಯದು ನಿಂತಿದೆ, ಎರಡನೆಯದು ಓಡುತ್ತಿದೆ. ಲಯ ಇರುವುದು ಪಟ್ಟಿಗಳಲ್ಲಲ್ಲ, ನಡುವಿನ ಬಿಡುವಿನಲ್ಲಿ ಎಂದು ತಾಳ ಹಾಕಲು ಬರುವ ಮಗುವಿಗೆ ಬೇಗ ತಿಳಿಯುತ್ತದೆ. ಮೂರನೆಯದನ್ನು ಅವರಿಗೇ ಬಿಡಿ.

ಏಕತೆ ಎಲ್ಲಕ್ಕಿಂತ ಮಸುಕಾಗಿ ಕಲಿಸಲ್ಪಡುವ ತತ್ವ. ‘ಎಲ್ಲವೂ ಒಂದಾಗಿ ಕಾಣಬೇಕು’ ಎಂದರೆ ಮಗು ಮಾಡುವುದಾದರೂ ಏನು? ಇದಕ್ಕೆ ಮನೋವಿಜ್ಞಾನಿಗಳು ಹೆಚ್ಚು ನೆರವಾಗುತ್ತಾರೆ. ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ತೋರಿಸಿದಂತೆ ಹತ್ತಿರವಿರುವವು, ಒಂದೇ ಬಗೆಯವು, ಒಂದೇ ಹಾದಿಯಲ್ಲಿ ಸಾಗುವವು ನಮ್ಮ ಕಣ್ಣಿಗೆ ತಾವಾಗಿಯೇ ಗುಂಪಾಗುತ್ತವೆ. ಲಿಯೊನಾರ್ಡೊ ಡಾ ವಿಂಚಿಯ ‘ಕೊನೆಯ ಭೋಜನ’ವನ್ನು ಈ ಕಣ್ಣಿನಿಂದ ತೋರಿಸಬಹುದು. ಒಂದೇ ಮೇಜಿಗೆ ಕುಳಿತ ಹದಿಮೂರು ಜನ, ಸುಲಭವಾಗಿ ಸಂತೆಯಾಗಿಬಿಡಬಹುದಿತ್ತು. ಹನ್ನೆರಡು ಶಿಷ್ಯರನ್ನು ಮೂವರಂತೆ ನಾಲ್ಕು ಗುಂಪು ಮಾಡಿ, ನಡುವಿನ ಯೇಸುವಿನ ಎರಡೂ ಬದಿಗೆ ಬಿಡುವು ಕೊಟ್ಟಿದ್ದಾನೆ. ಹಿಂದಿನ ಕಿಟಕಿಯ ಬೆಳಕು ತಲೆಯ ಸುತ್ತ ಬರುವಂತೆ ನೋಡಿಕೊಂಡಿದ್ದಾನೆ. ಗೋಡೆ, ಛಾವಣಿಯ ಗೆರೆಗಳೆಲ್ಲ ಆ ತಲೆಯ ಬಳಿಯೇ ಕೂಡುತ್ತವೆ. ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಗುಂಪುಗಳ ಹೊರಗೆರೆಯನ್ನಷ್ಟೇ ಎಳೆಸಿದರೆ ಪಾಠ ಒಂದೇ ಪೀರಿಯಡಿಗೆ ಮುಗಿಯುತ್ತದೆ. ಮಕ್ಕಳ ಪೋಸ್ಟರಿಗೆ ಇದರಿಂದ ಬರುವ ಸೂಚನೆ ಸರಳ: ದಿನಾಂಕ, ಸಮಯ, ಸ್ಥಳ ಮೂರನ್ನೂ ಮೂರು ಮೂಲೆಗೆ ಹಂಚದೆ ಒಟ್ಟಿಗಿಡಿ, ಸುತ್ತ ಜಾಗ ಬಿಡಿ.

ಪ್ರಮಾಣದ ಪಾಠಕ್ಕೆ ಬಂದ ಕೂಡಲೇ 1.618ರ ಸುವರ್ಣ ಅನುಪಾತ (ಉದ್ದ–ಅಗಲಗಳ ಅತಿ ಚೆಂದದ ಹೊಂದಿಕೆ ಎಂದು ಹೇಳಲಾಗುವುದು), ಅದರ ಸುರುಳಿ, ಗ್ರೀಸಿನ ಪಾರ್ಥೆನಾನ್ ದೇಗುಲ ಹಾಜರಾಗುತ್ತವೆ. ಪಾರ್ಥೆನಾನ್ ಕಟ್ಟಿದವರು ಈ ಅನುಪಾತವನ್ನು ಬಳಸಿದರು ಎನ್ನುವ ಆ ಕಾಲದ ದಾಖಲೆ ಯಾವುದೂ ಇಲ್ಲ. ಆ ಸುರುಳಿಯನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಇಟ್ಟರೆ ಯಾವ ಚಿತ್ರದ ಮೇಲಾದರೂ ಕೂರುತ್ತದೆ. ಮಕ್ಕಳಿಗೆ ಬೇಕಿರುವುದು ಅದಕ್ಕಿಂತ ಸರಳವಾದ ಒಂದು ಅಭ್ಯಾಸ: ಭಾಗಗಳನ್ನು ಸಮ ಮಾಡದಿರುವುದು. 12×9 ಸೆಂ.ಮೀ. ಆಯತಕ್ಕೆ ಒಂದು ಲಂಬ, ಒಂದು ಅಡ್ಡ ಗೆರೆ ಎಳೆದು ನಾಲ್ಕು ಭಾಗ ಮಾಡಬೇಕು. ಯಾವ ಎರಡೂ ಒಂದೇ ಅಳತೆಯಾಗಬಾರದು, ದೊಡ್ಡದು ಒಟ್ಟಿನ ಅರ್ಧದಷ್ಟಿರಬೇಕು. ಉದ್ದದಲ್ಲಿ 9ಕ್ಕೆ, ಅಗಲದಲ್ಲಿ 6ಕ್ಕೆ ಗೆರೆ ಹಾಕಿದರೆ 54, 27, 18, 9 ಚದರ ಸೆಂ.ಮೀ. ಬರುತ್ತವೆ. ಇಂಥದ್ದನ್ನು ಹತ್ತು ಸಲ ಮಾಡಿದ ಮಗು ಮುಂದೆ ಭೂದೃಶ್ಯ ಬರೆಯುವಾಗ ದಿಗಂತವನ್ನು ಹಾಳೆಯ ಸರಿನಡುವೆ ಎಳೆಯಲು ಹಿಂಜರಿಯುತ್ತದೆ. ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆಯ ಮುದ್ರಣವನ್ನು (ಸುಮಾರು 1831) ಆಗ ತೋರಿಸಬಹುದು: ಜಪಾನಿನ ಅತಿ ಎತ್ತರದ ಫ್ಯೂಜಿ ಪರ್ವತ ಅಲೆಯ ಕೆಳಗೆ ಪುಟ್ಟ ತ್ರಿಕೋನವಾಗಿ ಕೂತಿದೆ. ಹೆಬ್ಬೆರಳಿನಿಂದ ಅದನ್ನು ಮುಚ್ಚಿ ನೋಡಿ, ಅಲೆಯ ಎತ್ತರವೇ ಕುಗ್ಗುತ್ತದೆ.

ಡೋ ಹೇಳಿದ ನೋಟಾನಿಗೆ ಒಂದು ಒಳ್ಳೆಯ ಕತ್ತರಿ ಕೆಲಸವಿದೆ. ಕಪ್ಪು ಚೌಕದ ಅಂಚಿನಿಂದ ಆಕಾರಗಳನ್ನು ಕತ್ತರಿಸಿ, ಅದೇ ಅಂಚಿನಾಚೆಗೆ ಕನ್ನಡಿಯ ಬಿಂಬದಂತೆ ಮಗುಚಿ ಅಂಟಿಸುವುದು. ಕಡಿದ ಯಾವ ತುಂಡನ್ನೂ ಎಸೆಯುವಂತಿಲ್ಲ. ಒಳಗೆ ಬಿಳಿಯಾದದ್ದು ಹೊರಗೆ ಕಪ್ಪಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಕೈಕೊಡುವುದು ಕಾಗದ: ಒಂದೇ ಬದಿ ಕಪ್ಪಿರುವ ಹಾಳೆ ತಂದಿದ್ದರೆ ಮಗುಚಿದ ತುಂಡು ಬೆಳ್ಳಗೆ ತಿರುಗಿ ಕೂತು ಇಡೀ ತರಗತಿ ಅಲ್ಲಿಗೆ ನಿಲ್ಲುತ್ತದೆ. ಎರಡೂ ಬದಿ ಕಪ್ಪಿರುವ ಕಾಗದವೇ ಬೇಕು. 12 ಸೆಂ.ಮೀ. ಚೌಕವಾದರೆ ಕೆಳಗಿನ ಬಿಳಿ ಹಾಳೆ ಕನಿಷ್ಠ 24 ಸೆಂ.ಮೀ. ಇರಲಿ. ಮೊದಲು ಚೌಕವನ್ನು ಅಂಟಿಸಿಬಿಡುವ ಆತುರ ಮಕ್ಕಳಿಗೆ. ಎಲ್ಲ ಕತ್ತರಿಸಿ, ಜೋಡಿಸಿ ಮುಗಿದ ಮೇಲೆ ನಡುವಿನಿಂದ ಹೊರಕ್ಕೆ ಅಂಟಿಸುತ್ತ ಬರಬೇಕು.

ಇಷ್ಟಾದ ಮೇಲೆ ಬೂದು, ಆಮೇಲೆ ಬಣ್ಣ. ಪೋಸ್ಟರ್ ಕಲರಿನಲ್ಲಿ ಬೂದಿನ ಮೆಟ್ಟಿಲು (ತಿಳಿಯಿಂದ ಗಾಢಕ್ಕೆ ಹಂತಹಂತವಾಗಿ ಸಾಗುವ ಬೂದುಗಳ ಸಾಲು) ಮಾಡಿಸುವಾಗ ಬಿಳಿಗೆ ಕಪ್ಪನ್ನು ಹನಿಹನಿಯಾಗಿ ಸೇರಿಸಬೇಕು. ಕಪ್ಪಿಗೆ ಬಿಳಿ ಸೇರಿಸಹೊರಟರೆ ಅರ್ಧ ಬಾಟಲಿ ಬಿಳಿ ಖಾಲಿಯಾದರೂ ತಿಳಿಬೂದು ಬರುವುದಿಲ್ಲ. ಈ ಬಣ್ಣ ಒಣಗಿದಾಗ ತಿಳಿಯದು ಸ್ವಲ್ಪ ಗಾಢವಾಗುತ್ತದೆ, ಗಾಢವಾದದ್ದು ಸ್ವಲ್ಪ ತಿಳಿಯಾಗುತ್ತದೆ. ಹಾಗಾಗಿ ಹಾಳೆಯ ಮೇಲೆ ನೇರ ಮೆಟ್ಟಿಲು ಬಳಿಸಬಾರದು. ಒಂಬತ್ತು ಹತ್ತು ಬೂದುಗಳನ್ನು ಬಿಡಿ ಹಾಳೆಯಲ್ಲಿ ಬಳಿದು, ಒಣಗಿಸಿ, ಚೌಕ ಕತ್ತರಿಸಿ, ಅದರಲ್ಲಿ ಸಮನಾದ ಜಿಗಿತ ಕಾಣುವ ಐದನ್ನು ಆರಿಸಬೇಕು. ಪಕ್ಕಪಕ್ಕ ಇಟ್ಟಾಗ ಎರಡರ ನಡುವಿನ ಗೆರೆ ಕಣ್ಣು ಅರೆಮುಚ್ಚಿದರೆ ಮಾಯವಾಗುವುದಾದರೆ ಅವೆರಡೂ ಒಂದೇ ಮೆಟ್ಟಿಲಿನವು.

ಅದರಲ್ಲಿ ನಡುವಿನ ಬೂದಿನಿಂದ 2 ಸೆಂ.ಮೀ. ಚೌಕ ಎರಡು ಕತ್ತರಿಸಿ, ಒಂದನ್ನು ಕಪ್ಪಿನ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಟ್ಟರೆ ಒಂದೇ ಬೂದು ಎಂದು ಮಕ್ಕಳು ಒಪ್ಪುವುದೇ ಇಲ್ಲ. ಕಪ್ಪಿನ ಮೇಲಿನದು ತಿಳಿಯಾಗಿ ಕಾಣುತ್ತದೆ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರೂಲ್ ಅವರಿಗೆ ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂಬ ದೂರು ಬರುತ್ತಿತ್ತು. ತಪ್ಪು ಬಣ್ಣದಲ್ಲಿರಲಿಲ್ಲ, ಪಕ್ಕದಲ್ಲಿ ನೇಯ್ದ ನೂಲಿನಿಂದಾಗಿ ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೇ ನಿಯಮವಾಗಿ ಪ್ರಕಟಿಸಿದರು. ಬಣ್ಣವನ್ನು ಡಬ್ಬಿಯಲ್ಲಿ ನೋಡಿ ಆರಿಸಬಾರದು, ಪಕ್ಕದ ಬಣ್ಣದ ಜೊತೆಗಿಟ್ಟು ಆರಿಸಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಬಣ್ಣದಲ್ಲಿ ಮಕ್ಕಳು ಎಡವುವುದು ಟೋನ್, ಅಂದರೆ ಬಣ್ಣ ಎಷ್ಟು ಗಾಢ ಎಷ್ಟು ತಿಳಿ ಎಂಬುದನ್ನು, ಮರೆತಾಗ. ಹಳದಿ ‘ಎದ್ದು ಕಾಣುವ ಬಣ್ಣ’ ಎಂದು ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಬರೆಯುತ್ತಾರೆ, ಮೂರು ಮೀಟರ್ ದೂರಕ್ಕೆ ಒಂದಕ್ಷರವೂ ಓದಲಾಗುವುದಿಲ್ಲ. ಹಳದಿಯ ಟೋನ್ ಬಿಳಿಗೆ ತೀರ ಹತ್ತಿರ. ಅದೇ ಹಳದಿ ಗಾಢ ನೇರಳೆಯ ಮೇಲೆ ಮಿಂಚುತ್ತದೆ. ಕೆಂಪು–ಹಸಿರು ಪರಸ್ಪರ ವಿರುದ್ಧ ಬಣ್ಣಗಳಾದರೂ ಟೋನ್ ಹೆಚ್ಚುಕಡಿಮೆ ಒಂದೇ ಆದಾಗ ಅಂಚು ನಡುಗಿದಂತಾಗಿ ಕಣ್ಣು ನೋಯುತ್ತದೆ. ಕೆಂಪು–ಹಸಿರು ಭೇದ ಸರಿಯಾಗಿ ಕಾಣದ ಮಕ್ಕಳೂ ತರಗತಿಯಲ್ಲಿರಬಹುದು. ಯುರೋಪ್ ಮೂಲದ ಗಂಡಸರಲ್ಲಿ ಇದು ಸುಮಾರು 8%, ಹೆಂಗಸರಲ್ಲಿ ತೀರ ವಿರಳ. ‘ಬಣ್ಣದ ಜ್ಞಾನವಿಲ್ಲ’ ಎಂದು ಬೈಸಿಕೊಳ್ಳುವ ಹುಡುಗರಲ್ಲಿ ಕೆಲವರ ಕಾರಣ ಇದೇ ಇರುತ್ತದೆ. ಟೋನ್ ಸರಿಯಿದ್ದರೆ ಅವರ ಕೆಲಸವೂ ಗಟ್ಟಿಯಾಗಿ ನಿಲ್ಲುತ್ತದೆ, ಅಂಕವನ್ನು ಅಲ್ಲಿಗೆ ಕೊಡಬೇಕು.

ಮೊಬೈಲ್, ಕಂಪ್ಯೂಟರುಗಳಲ್ಲಿ ಇದನ್ನೆಲ್ಲ ಕ್ಷಣದಲ್ಲಿ ಮಾಡಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಮಾಡಬಹುದು, ಆದರೆ ಆಮೇಲೆ. ವಿನ್ಯಾಸದ ಆಪ್‌ಗಳು ಎಳೆದ ವಸ್ತುವನ್ನು ತಾವೇ ನಡುಗೆರೆಗೆ ಅಂಟಿಸಿಕೊಳ್ಳುತ್ತವೆ, ಮಗು ಬಿಡಬೇಕೆಂದಿದ್ದ ಚಟವನ್ನೇ ಗಟ್ಟಿ ಮಾಡುತ್ತವೆ. 4 ಸೆಂ.ಮೀ. ವೃತ್ತ 4 ಸೆಂ.ಮೀ. ಚೌಕದ ಪಕ್ಕದಲ್ಲಿ ಚಿಕ್ಕದಾಗಿ ಕಾಣುತ್ತದೆ, ಅದರ ವಿಸ್ತೀರ್ಣ ಚೌಕದ 79%ರಷ್ಟೇ. ಸರಿಸಮ ಎನಿಸಲು ಕೊಂಚ ದೊಡ್ಡದು ಮಾಡಬೇಕು. ಆಪ್ ಅಂಕಿಯನ್ನು ನೋಡುತ್ತದೆ, ಇದನ್ನು ನೋಡುವುದಿಲ್ಲ.

ಕೊನೆಯ ಹಂತ ಇವೆಲ್ಲವನ್ನೂ ಮಗು ತನ್ನದೇ ಚಿತ್ರಕ್ಕೆ ತರುವುದು. ಅದಕ್ಕೆ ಕಿರುಚಿತ್ರಗಳ ಅಭ್ಯಾಸ ಕಡ್ಡಾಯವಾಗಬೇಕು: ಎ3 ಹಾಳೆಯ ಕೆಲಸಕ್ಕೆ 5×7 ಸೆಂ.ಮೀ. ಅಳತೆಯ ಆರು ಮನೆ, ಮನೆಗೆ ಮೂರು ನಿಮಿಷ, ದಪ್ಪ ಮೊನೆಯ ಕಪ್ಪು ಸ್ಕೆಚ್ ಪೆನ್. ಪೆನ್ಸಿಲ್ ಕೊಟ್ಟರೆ ಮಗು ಕಣ್ಣುಮೂಗು ತಿದ್ದುತ್ತ ಕೂರುತ್ತದೆ. 5×7ರ ಅನುಪಾತ ಎ3 ಹಾಳೆಗೆ ತೀರ ಹತ್ತಿರ. ಕಿರುಚಿತ್ರವನ್ನು ಚೌಕದಲ್ಲಿ ಮಾಡಿ ಉದ್ದ ಹಾಳೆಗೆ ಹಿಗ್ಗಿಸಹೋದರೆ ಕೂಡಿಸಿದ ಸಮತೋಲನವೆಲ್ಲ ಕದಡುತ್ತದೆ. ಬೇರೆ ಅಳತೆಯ ಹಾಳೆಯಾದರೆ ಅದರ ಕರ್ಣವನ್ನು ಎಳೆದು, ಕರ್ಣದ ಮೇಲೇ ಮೂಲೆ ಬರುವಂತೆ ಚಿಕ್ಕ ಆಯತ ಮಾಡಿಕೊಂಡರಾಯಿತು. ಒಂದು ಚಿತ್ರ ಮೊದಲೇ ತೀರ್ಮಾನಿಸಿ ಉಳಿದ ಐದನ್ನು ಲೆಕ್ಕಕ್ಕೆ ಗೀಚುವುದು ಎಲ್ಲ ಕಡೆ ಇದ್ದದ್ದೇ. ಅದನ್ನು ತಡೆಯಲು ಪ್ರತಿ ಮನೆಗೂ ಬೇರೆ ಷರತ್ತು ಕೊಡಿ: ಒಂದರಲ್ಲಿ ಮುಖ್ಯ ವಸ್ತು ಅಂಚಿಗೆ ಕತ್ತರಿಸಿಹೋಗಲಿ, ಒಂದರಲ್ಲಿ ಹಾಳೆಯ ಮುಕ್ಕಾಲು ಕಪ್ಪಾಗಲಿ, ಒಂದರಲ್ಲಿ ಮೇಲಿನಿಂದ ನೋಡಿದಂತಿರಲಿ.

ಅಂಕದ ವಿಷಯ. 20 ಅಂಕವಿದ್ದರೆ ಕಿರುಚಿತ್ರಗಳಿಗೆ 6, ಮೊದಲ ಯೋಚನೆಯಿಂದ ಕೊನೆಯ ಕೆಲಸದವರೆಗೆ ಆದ ಬದಲಾವಣೆಗೆ 4, ಮುಗಿದ ಕೆಲಸಕ್ಕೆ 6, ಮಾಡಿದ ತೀರ್ಮಾನಕ್ಕೆ ಬರೆದ ಕಾರಣಕ್ಕೆ 4. ಅಚ್ಚುಕಟ್ಟು ಎಂಬುದು ಮುಗಿದ ಕೆಲಸದ ಆರರೊಳಗೆ ಎರಡನ್ನು ಮೀರಬಾರದು. ಈಗ ಅದು ಎಲ್ಲವನ್ನೂ ನುಂಗಿ ಕೂತಿದೆ.

ಲಿಖಿತ ಪರೀಕ್ಷೆ ಇರಲೇಬೇಕು ಎಂದಾದರೆ ವ್ಯಾಖ್ಯೆ ಕೇಳುವುದು ಬಿಟ್ಟು, ಬೇಕೆಂದೇ ಒಂದು ದೋಷವಿಟ್ಟ ಐದು ಕಪ್ಪು ಆಕಾರಗಳ ರಚನೆಯನ್ನು ಮುದ್ರಿಸಿ ಕೊಡಬಹುದು: ಎಲ್ಲ ಭಾರ ಒಂದೇ ಕಡೆ, ಅಥವಾ ಎರಡು ಅಂಚುಗಳು ತಾಗಿ ನಿಂತಿವೆ, ಅಥವಾ ಅಂತರಗಳೆಲ್ಲ ಒಂದೇ. ಒಂದೇ ಒಂದು ಆಕಾರವನ್ನು ಸರಿಸಿ ಪಕ್ಕದ ಖಾಲಿ ಮನೆಯಲ್ಲಿ ಮತ್ತೆ ಬರೆ, ಏಕೆ ಸರಿಸಿದೆ ಎಂದು ಮೂರು ವಾಕ್ಯ ಬರೆ. ಹದಿನೈದು ನಿಮಿಷದ ಪ್ರಶ್ನೆ. ಸರಿಯುತ್ತರ ಒಂದಕ್ಕಿಂತ ಹೆಚ್ಚಿರುತ್ತದೆ ಎಂದು ಮೌಲ್ಯಮಾಪಕರಿಗೆ ಮೊದಲೇ ತಿಳಿಸಿ, ಆಕಾರ ಸರಿದ ಜಾಗಕ್ಕೂ ಬರೆದ ಕಾರಣಕ್ಕೂ ಹೊಂದಿಕೆಯಿದೆಯೇ ಎಂಬುದಕ್ಕಷ್ಟೇ ಅಂಕ ಕೊಡಲು ಸೂಚಿಸಬೇಕು.

ಇತಿ,
ಓರ್ವ ಚಿತ್ರಕಲಾ ಶಿಕ್ಷಕ